ಇತಿಹಾಸದ ಮೌಖಿಕ ಪರೀಕ್ಷೆಗೆ ಮಗಳನ್ನು ಮನೆಯಲ್ಲೇ ತಯಾರು ಮಾಡುವುದು ಹೇಗೆ?

ನಿಮ್ಮ ಪ್ರಶ್ನೆ ಇದು: ಮಗಳು ಹೊಸನಗರ ಕಡೆಯ ಹೈಸ್ಕೂಲಲ್ಲಿ ಹತ್ತನೇ ಕ್ಲಾಸು. ಬರೆಯುವ ಪರೀಕ್ಷೆಯಲ್ಲಿ ಒಳ್ಳೇ ಅಂಕ. ಈಗ ಇತಿಹಾಸಕ್ಕೆ ಮೌಖಿಕ ಪರೀಕ್ಷೆ ಇಟ್ಟಿದ್ದಾರೆ. ಮೊದಲ ಪ್ರಶ್ನೆಗೆ ಉತ್ತರ ಹೇಳುತ್ತಾಳೆ, ಅದರ ಮೇಲೆ ಇನ್ನೊಂದು ಕೇಳಿದರೆ ಬಾಯಿ ಕಟ್ಟುತ್ತೆ. ಮನೆಯಲ್ಲಿ ಹೇಗೆ ತಯಾರಿ ಮಾಡಿಸಬೇಕು, ಟ್ಯೂಷನ್ ಹಾಕಬೇಕಾ?

ನಾನು ತೀರ್ಥಹಳ್ಳಿ ಕಡೆ ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಇಂಥ ಪರೀಕ್ಷೆಯಲ್ಲಿ ಪ್ರಶ್ನೆ ಕೇಳುವ ಕಡೆ ಕೂರುವವಳು ನಾನು. ಹಾಗಾಗಿ ಆ ಕಡೆಯಿಂದ ಕಂಡದ್ದನ್ನೇ ಬರೆಯುತ್ತೇನೆ.

ನಿಮ್ಮ ಮಗಳಿಗೆ ಧೈರ್ಯ ಕಡಿಮೆ ಅಂದುಕೊಳ್ಳಬೇಡಿ. ಧೈರ್ಯ ಇಲ್ಲದ ಮಗು ಮೊದಲ ಪ್ರಶ್ನೆಗೇ ತಲೆ ತಗ್ಗಿಸುತ್ತೆ. ಇವಳು ಮೊದಲನೆಯದು ಹೇಳಿ ಎರಡನೆಯದಕ್ಕೆ ನಿಲ್ಲುತ್ತಾಳೆ ಅಂದರೆ ಪಾಠದ ಕೊನೆಯ ಪ್ರಶ್ನೋತ್ತರವನ್ನು ಉರು ಹೊಡೆದಿದ್ದಾಳೆ ಅಷ್ಟೆ. ಬರೆಯುವ ಪರೀಕ್ಷೆಗೆ ಅದು ಸಾಕಾಗುತ್ತೆ, ಯಾಕೆಂದರೆ ಕಾಗದ ತಿರುಗಿ ಏನೂ ಕೇಳುವುದಿಲ್ಲ. ಎದುರಿಗೆ ಕೂತ ಟೀಚರ್ ಕೇಳುತ್ತಾರೆ. ಹಾಗಾಗಿ ತಯಾರಿಯೆಲ್ಲ ಆ ಎರಡನೇ ಪ್ರಶ್ನೆಗೇ ಆಗಬೇಕು.

ನಿಮ್ಮ ತಾಲೂಕಿನದೇ ಒಂದು ವಿಷಯ ಇಟ್ಟುಕೊಂಡು ತೋರಿಸುತ್ತೇನೆ. ನಗರದ ರೈತರ ದಂಗೆ. ನಗರ ಅಂದರೆ ಇಲ್ಲಿ ಪಟ್ಟಣ ಅಲ್ಲ, ಹಿಂದೆ ಬಿದನೂರು ಅನ್ನುತ್ತಿದ್ದ ಊರು ಮತ್ತು ಅದರ ಸುತ್ತಲಿನ ಸೀಮೆ.

"1830ರಲ್ಲಿ ನಗರದ ರೈತರು ಯಾಕೆ ದಂಗೆ ಎದ್ದರು?" ಅಂತ ಕೇಳಿದರೆ ಬಹಳ ಮಕ್ಕಳು ಥಟ್ಟನೆ ಹೇಳುತ್ತಾರೆ, "ಕಂದಾಯ ಜಾಸ್ತಿ ಆಗಿತ್ತು ಮೇಡಂ, ಅಧಿಕಾರಿಗಳು ಹಿಂಸೆ ಕೊಡುತ್ತಿದ್ದರು." ಸರಿಯಾದ ಉತ್ತರವೇ. ನನ್ನ ಮುಂದಿನ ಪ್ರಶ್ನೆ: "ಕಂದಾಯ ಯಾಕೆ ಜಾಸ್ತಿ ಆಯಿತು?" ಇಲ್ಲಿ ಸುಮ್ಮನಾಗುತ್ತಾರೆ.

ಉತ್ತರ ಅವರ ಪಾಠದಲ್ಲೇ ಬೇರೆ ಕಡೆ ಇರುತ್ತೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಮೈಸೂರನ್ನು ಒಡೆಯರಿಗೆ ಕೊಟ್ಟರಲ್ಲ, ಅದಕ್ಕೆ ಪ್ರತಿಯಾಗಿ ಸಂಸ್ಥಾನ ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ ಕೊಡಬೇಕಿತ್ತು. ಬೊಕ್ಕಸ ತುಂಬಲೇಬೇಕು. ಮೂರನೇ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಮಲ್ದಾರರು, ಅಂದರೆ ತಾಲೂಕಿನ ಕಂದಾಯ ಅಧಿಕಾರಿಗಳು, ಇಂತಿಷ್ಟು ಹಣ ಎತ್ತಿಕೊಡುತ್ತೇನೆ ಅಂತ ಶರತ್ತು ಒಪ್ಪಿಕೊಂಡು ಬರುತ್ತಿದ್ದರು. ಒಪ್ಪಿದ್ದು ಭರ್ತಿ ಆಗದಿದ್ದರೆ ರೈತನ ಮೇಲೆ ಬೀಳುತ್ತಿದ್ದರು. ಇಷ್ಟನ್ನು ಮಗು ತನ್ನ ಮಾತಲ್ಲಿ ಹೇಳಿದರೆ ಸಾಕು, ಮೂರನೇ ಪ್ರಶ್ನೆಗೂ ಅವಳು ಅರ್ಧ ತಯಾರಾದ ಹಾಗೆ. ಮೂರನೆಯದು ಹೀಗಿರುತ್ತೆ: "ಹಾಗಾದರೆ ಈ ದಂಗೆಯಿಂದ ಯಾರಿಗೆ ಏನಾಯಿತು?" 1831ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಬೆಂಟಿಂಕ್ ಮೈಸೂರಿನ ಆಡಳಿತವನ್ನು ರಾಜನ ಕೈಯಿಂದ ತೆಗೆದುಕೊಂಡ. ಕಮಿಷನರುಗಳ ಆಡಳಿತ ಶುರುವಾಯಿತು. ರಾಜಮನೆತನಕ್ಕೆ ಅಧಿಕಾರ ವಾಪಸ್ ಸಿಕ್ಕಿದ್ದು 1881ರಲ್ಲಿ. ನಗರದ ಹಳ್ಳಿಗಳಲ್ಲಿ ಎದ್ದ ಗಲಾಟೆಯಿಂದ ಇಡೀ ಸಂಸ್ಥಾನದ ಆಡಳಿತ ಐವತ್ತು ವರ್ಷ ಬದಲಾಯಿತು. ಇದನ್ನು ಹೊಸನಗರದ ಹುಡುಗಿ ಹೇಳುವಾಗ ಅವಳ ದನಿಯೇ ಬೇರೆ ಇರುತ್ತೆ, ಇರಬೇಕು ಕೂಡ.

ಪಾಠದಲ್ಲಿ ಇವೆಲ್ಲ ಬೇರೆ ಬೇರೆ ಪುಟಗಳಲ್ಲಿರುತ್ತವೆ. ಮನೆಯಲ್ಲಿ ಮಾಡಿಸಬೇಕಾದ ಕೆಲಸ ಅವನ್ನು ಜೋಡಿಸುವುದು. ಒಂದು ಪಾಠ ಓದಿದ ಮೇಲೆ ಪುಸ್ತಕ ಮುಚ್ಚಿಸಿ. ಒಂದು ಉತ್ತರ ಹೇಳಲಿ. ಅದರಲ್ಲಿ ಬಂದ ಒಂದು ಮಾತನ್ನು ಹಿಡಿದು ನೀವು "ಯಾಕೆ?" ಅನ್ನಿ. ಅದಕ್ಕೂ ಹೇಳಿದಳು ಅಂದರೆ "ಆಮೇಲೇನಾಯಿತು?" ಅನ್ನಿ. ನಿಮಗೆ ಇತಿಹಾಸ ಗೊತ್ತಿರಬೇಕಾಗಿಲ್ಲ. ಎಲ್ಲಿ ತಡವರಿಸಿದಳೋ ಆ ಜಾಗಕ್ಕೆ ಪೆನ್ಸಿಲ್ಲಲ್ಲಿ ಗುರುತು ಹಾಕಿಸಿ, ಆಗಲೇ ಪುಸ್ತಕ ತೆಗೆದು ನೋಡಲಿ. ಮಾರನೇ ದಿನ ಮತ್ತೆ ಆ ಗುರುತಿನಿಂದಲೇ ಶುರು ಮಾಡಿ. ಓದಿದ್ದನ್ನೇ ಮತ್ತೆ ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಎಳೆದು ತೆಗೆಯುವುದು ಹೆಚ್ಚು ದಿನ ಉಳಿಯುತ್ತೆ. ಇದು ನಾನು ಕ್ಲಾಸಲ್ಲಿ ದಿನಾ ನೋಡುವ ವಿಷಯ.

ಇಸವಿಗಳ ಬಗ್ಗೆ ಮಕ್ಕಳಿಗೆ ತುಂಬಾ ಹೆದರಿಕೆ. ಎಲ್ಲ ಇಸವಿಯನ್ನೂ ತಲೆಗೆ ತುರುಕಬೇಡಿ. ನಮ್ಮ ಜಿಲ್ಲೆಯ ಸುತ್ತಮುತ್ತ ನಡೆದ ಕೆಲವು ಘಟನೆಗಳನ್ನು ಗಟ್ಟಿ ಮಾಡಿಸಿ, ಉಳಿದವು ಅದಕ್ಕೆ ಮುಂಚೆಯೋ ಆಮೇಲೋ ಅಂತ ತಾವೇ ಕೂರುತ್ತವೆ. 1763ರಲ್ಲಿ ಹೈದರಾಲಿ ಬಿದನೂರು ಹಿಡಿದ, ಕೆಳದಿ ಮನೆತನದ ಆಳ್ವಿಕೆ ಮುಗಿಯಿತು, ಅಲ್ಲಿನ ಸಂಪತ್ತಿನಿಂದ ಹೈದರನ ಕೈ ಬಲವಾಯಿತು. ಮೊದಲನೇ ಮೈಸೂರು ಯುದ್ಧ ಇದಾಗಿ ನಾಲ್ಕು ವರ್ಷಕ್ಕೆ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಆಗ ಸೆರೆಯಿಂದ ಹೊರಬಂದ ದೋಂಡಿಯ ವಾಘ್, ಚನ್ನಗಿರಿಯವನು, ನೇರ ನಮ್ಮ ಕಡೆಯ ಕೋಟೆಗಳ ಮೇಲೇ ಬಂದ. ಮಾರನೇ ವರ್ಷ ಸತ್ತ. ಅವನನ್ನು ಬೆನ್ನಟ್ಟಿದ್ದು ಆರ್ಥರ್ ವೆಲ್ಲೆಸ್ಲಿ. ಇದೇ ವೆಲ್ಲೆಸ್ಲಿ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದವರಲ್ಲಿ ಒಬ್ಬ ಅಂತ ಹೇಳಿ ನೋಡಿ, ಮಕ್ಕಳು ಕಣ್ಣರಳಿಸುತ್ತಾರೆ. ಆಮೇಲೆ 1831, 1857, 1881, 1942. ಇಸವಿ ಮರೆತೇ ಹೋದರೆ "ಟಿಪ್ಪು ಸತ್ತು ಮೂವತ್ತು ವರ್ಷದ ಹೊತ್ತಿಗೆ" ಅಂತ ಹೇಳಲಿ. ನಾನಂತೂ ಅದಕ್ಕೆ ಅಂಕ ಕೊಡುತ್ತೇನೆ. ಹೊತ್ತು ಗೊತ್ತು ಇದೆ ಅಂತ ಅದರಿಂದಲೇ ತಿಳಿಯುತ್ತೆ.

ಇನ್ನೊಂದು ಪ್ರಶ್ನೆ ಇದೆ, ಬಹಳ ಮಕ್ಕಳು ಎಡವುವುದು ಇಲ್ಲೇ. "ಇದು ನಮಗೆ ಹೇಗೆ ಗೊತ್ತು?"

ಇದಕ್ಕೆ ನಾನು ಯಾವಾಗಲೂ ತಾಳಗುಂದವನ್ನೇ ತೆಗೆದುಕೊಳ್ಳುತ್ತೇನೆ. ಅವಳು ಹಿಂದಿನ ತರಗತಿಯಲ್ಲಿ ಕದಂಬರ ಪಾಠ ಓದಿರುತ್ತಾಳೆ. ಮಯೂರಶರ್ಮ ಓದಲು ಕಂಚಿಗೆ ಹೋದ, ಅಲ್ಲಿ ಪಲ್ಲವರ ಕುದುರೆ ಸವಾರರ ಜೊತೆ ಜಗಳ ಆಯಿತು, ಅವಮಾನ ತಾಳದೆ ಕತ್ತಿ ಹಿಡಿದು ರಾಜ್ಯ ಕಟ್ಟಿದ. ಕಥೆ ಎಲ್ಲರಿಗೂ ಗೊತ್ತು. ಎಲ್ಲಿಂದ ಗೊತ್ತು? ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಸ್ಥಾನದ ಮುಂದೆ ಒಂದು ಕಲ್ಲಿನ ಕಂಬ ಇದೆ. ಅದರ ಮೇಲೆ ಸಂಸ್ಕೃತದಲ್ಲಿ ಬರೆದಿದೆ. ಬರೆದವನು ಕುಬ್ಜ ಅನ್ನುವ ಕವಿ. ಬರೆದದ್ದು ಮಯೂರನ ಕಾಲದಲ್ಲಲ್ಲ, ಕೆಲವು ತಲೆಮಾರಿನ ನಂತರ ಶಾಂತಿವರ್ಮನ ಕಾಲದಲ್ಲಿ. ಇಲ್ಲಿಗೆ ಬಂದಾಗ ಒಂದು ಒಳ್ಳೇ ಮಾತು ಹುಟ್ಟುತ್ತೆ: ತಮ್ಮ ವಂಶದ ಮೂಲಪುರುಷನ ಬಗ್ಗೆ ಅದೇ ವಂಶದವರು ಬರೆಸಿದ್ದಾರೆ, ಪಲ್ಲವರನ್ನು ಕೇಳಿದ್ದರೆ ಏನು ಹೇಳುತ್ತಿದ್ದರೋ! ಹತ್ತನೇ ಕ್ಲಾಸಿನ ಮಗು ಇಷ್ಟು ಹೇಳಿದರೆ ನನಗೆ ಅವತ್ತು ಊಟ ಮಾಡಿದಷ್ಟು ಸಂತೋಷ. ಪ್ರತಿ ಪಾಠದಲ್ಲೂ ಒಂದು ಆಧಾರ ಇಟ್ಟುಕೊಳ್ಳಲಿ. ಶಾಸನ, ಕೋಟೆ, ಪತ್ರ, ಯಾವುದಾದರೂ ಸರಿ. ಅವಳೇ ಕಣ್ಣಾರೆ ನೋಡಿದ್ದಾದರೆ ಇನ್ನೂ ಒಳ್ಳೆಯದು. ನಗರದ ಕೋಟೆ ನಿಮಗೆ ಹತ್ತಿರ. ಶಿವಮೊಗ್ಗಕ್ಕೆ ಹೋದಾಗ ಶಿವಪ್ಪ ನಾಯಕನ ಅರಮನೆಯ ಮ್ಯೂಸಿಯಂಗೆ ಕರೆದುಕೊಂಡು ಹೋಗಿ. ಎಲ್ಲ ನೋಡಬೇಕು ಅಂತಿಲ್ಲ. ಒಂದೇ ಒಂದು ವೀರಗಲ್ಲಿನ ಮುಂದೆ ನಿಲ್ಲಿಸಿ, ಕೆಳಗಿನ ಪಟ್ಟಿಯಿಂದ ಮೇಲಿನ ಪಟ್ಟಿಯವರೆಗೆ ಏನು ಕೆತ್ತಿದ್ದಾರೆ ಅಂತ ಬಾಯಲ್ಲಿ ವರ್ಣಿಸಲು ಹೇಳಿ.

ಕೆಲವು ಪ್ರಶ್ನೆಗಳಿಗೆ ಒಂದೇ ಉತ್ತರ ಇರುವುದಿಲ್ಲ. ಸ್ವಾತಂತ್ರ್ಯ ಚಳವಳಿಯ ಪಾಠದಲ್ಲಿ ನಾನು ಶಿಕಾರಿಪುರ ತಾಲೂಕಿನ ಈಸೂರಿನ ಬಗ್ಗೆ ಕೇಳುತ್ತೇನೆ. 1942ರಲ್ಲಿ ಆ ಊರಿನವರು ನಾವು ಸ್ವತಂತ್ರರು ಅಂತ ಸಾರಿದರು, ತಮ್ಮದೇ ಸರ್ಕಾರ ಮಾಡಿಕೊಂಡರು. "ಏಸೂರು ಕೊಟ್ಟರೂ ಈಸೂರು ಕೊಡೆವು" ಅನ್ನುವ ಮಾತು ಮಕ್ಕಳಿಗೆಲ್ಲ ಬಾಯಿಗೆ ಬರುತ್ತೆ. ಆಮೇಲೆ ನಡೆದ ಘರ್ಷಣೆಯಲ್ಲಿ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಸತ್ತರು. ಊರಿನ 5 ಜನರನ್ನು 1943ರಲ್ಲಿ ಗಲ್ಲಿಗೇರಿಸಿದರು. "ಗಾಂಧೀಜಿ ಅಹಿಂಸೆ ಅಂದರು, ಈಸೂರಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. ಇದನ್ನು ಹೇಗೆ ನೋಡುತ್ತೀಯ?" ಅಂತ ಕೇಳಿದರೆ ಮಗು ಸರಿ ಉತ್ತರಕ್ಕಾಗಿ ನನ್ನ ಮುಖವನ್ನೇ ಹುಡುಕುತ್ತೆ. ನನ್ನ ಮುಖದಲ್ಲಿ ಉತ್ತರ ಇರುವುದಿಲ್ಲ. ನಡೆದದ್ದನ್ನು ಮುಚ್ಚಿಡದೆ ಹೇಳಲಿ, ಆ ವರ್ಷ ಆಗಸ್ಟ್‌ನಲ್ಲೇ ನಾಯಕರೆಲ್ಲ ಜೈಲಿಗೆ ಹೋಗಿದ್ದರು ಅನ್ನುವುದನ್ನು ಸೇರಿಸಲಿ, ಆಮೇಲೆ ತನಗೆ ಅನಿಸಿದ್ದನ್ನು ಒಂದು ಕಾರಣ ಕೊಟ್ಟು ಹೇಳಲಿ. ಯಾವ ಕಡೆ ನಿಂತಳು ಅನ್ನುವುದಕ್ಕೆ ಅಂಕ ಇಲ್ಲ. ಕಾರಣ ಕೊಟ್ಟಳಾ ಅನ್ನುವುದಕ್ಕೆ ಇದೆ.

ಭಾಷೆಯ ವಿಷಯ. ಎಷ್ಟೋ ಮಕ್ಕಳು ವಿಷಯ ಗೊತ್ತಿಲ್ಲದೆ ನಿಲ್ಲುವುದಲ್ಲ, ಪುಸ್ತಕದ ಪದ ಸಿಗದೆ ನಿಲ್ಲುತ್ತಾರೆ. ಮನೆಯಲ್ಲಿ ಮೊದಲು ಮನೆಮಾತಲ್ಲೇ ಹೇಳಿಸಿ. ಅಮ್ಮನ ಹತ್ತಿರ ಶಾಲೆಯ ಸುದ್ದಿ ಹೇಳುವಾಗ ಅವಳಿಗೆ ತಡವರಿಕೆ ಇಲ್ಲ ಅಲ್ವಾ? ಅದೇ ಮಾತಲ್ಲಿ ದಂಗೆ ಯಾಕಾಯಿತು ಅಂತ ಹೇಳಲಿ. ಎರಡನೇ ಸಲ ಹೇಳುವಾಗ ಪಾಠದ ಮುಖ್ಯ ಪದಗಳನ್ನು ಮಾತ್ರ ಅದರೊಳಗೆ ಸೇರಿಸಿಕೊಳ್ಳಲಿ: ಸಹಾಯಕ ಸೈನ್ಯ ಪದ್ಧತಿ, ಶಾಶ್ವತ ಜಮೀನ್ದಾರಿ ಪದ್ಧತಿ, ಇಂಥವು. ಹೀಗೆ ಹೇಳಿದ ಪ್ರತಿ ಪದಕ್ಕೂ ಅರ್ಥ ಗೊತ್ತಿರಬೇಕು, ಯಾಕೆಂದರೆ ದೊಡ್ಡ ಪದ ಕಿವಿಗೆ ಬಿದ್ದ ಕೂಡಲೇ ಟೀಚರ್ "ಅಂದರೇನು?" ಅಂತ ಕೇಳಿಯೇ ಕೇಳುತ್ತಾರೆ.

ಕೇಳಿಸಿಕೊಳ್ಳಲು ನೀವೇ ಆಗಬೇಕು ಅಂತಿಲ್ಲ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರಷ್ಟು ಒಳ್ಳೆ ಕೇಳುಗರು ಇನ್ನಿಲ್ಲ. ಗೇಣಿದಾರ ರೈತರು ನಡೆಸಿದ ಕಾಗೋಡು ಸತ್ಯಾಗ್ರಹದ ಬಗ್ಗೆ ಪುಸ್ತಕದಲ್ಲಿ ಎಷ್ಟೇ ಓದಿದರೂ, ಗೇಣಿ ಭತ್ತ ಅಳೆಯಲು ಜಮೀನಿನ ಒಡೆಯರು ದೊಡ್ಡ ಕೊಳಗ, ಅಂದರೆ ಭತ್ತ ಅಳೆಯುವ ಪಾತ್ರೆ, ತರುತ್ತಿದ್ದರು ಅನ್ನುವುದರ ನೋವು ನಮ್ಮ ಮಕ್ಕಳಿಗೆ ಸುಲಭಕ್ಕೆ ಹತ್ತುವುದಿಲ್ಲ. ಕೊಳಗವನ್ನೇ ನೋಡಿರುವುದಿಲ್ಲ. ಅಟ್ಟದ ಮೇಲಿದ್ದರೆ ಇಳಿಸಿ ತೋರಿಸಿ. ಅಳತೆ ಒಂದು ಹಿಡಿ ಜಾಸ್ತಿ ಇದ್ದರೆ ನೂರು ಕೊಳಗಕ್ಕೆ ಎಷ್ಟು ಹೋಯಿತು ಅಂತ ಅವಳೇ ಲೆಕ್ಕ ಹಾಕಲಿ. 1951ರಲ್ಲಿ ಸಾಗರ ತಾಲೂಕಿನ ಗೇಣಿದಾರರು ಹೋರಾಟದ ಮುಂದಾಳು ಗಣಪತಿಯಪ್ಪನವರ ಜೊತೆ ನಿಂತದ್ದು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಷ್ಟು ದೂರದಿಂದ ಬಂದು ಬಂಧನಕ್ಕೊಳಗಾದದ್ದು ಯಾಕೆ ಅಂತ ಆಗ ಯಾರೂ ವಿವರಿಸಬೇಕಾಗಿಲ್ಲ. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆ ಬಂದಾಗ ಡಿಕ್ಲರೇಷನ್, ಅಂದರೆ ಗೇಣಿ ಜಮೀನು ತಮ್ಮ ಹೆಸರಿಗೆ ಮಾಡಿಕೊಡಿ ಅನ್ನುವ ಅರ್ಜಿ, ಹಾಕಿದವರು ಮಲೆನಾಡಿನ ಬಹಳ ಮನೆಗಳಲ್ಲಿದ್ದಾರೆ. ಜಮೀನು ಸಿಕ್ಕಿದವರೂ ಇದ್ದಾರೆ, ಕಳೆದುಕೊಂಡವರೂ ಇದ್ದಾರೆ. ಅವಳು ಪಾಠ ಹೇಳಲಿ, ಅಜ್ಜ ನಡುವೆ ಬಾಯಿ ಹಾಕಲಿ. ಅಡ್ಡಮಾತು ಬಂದಾಗ ಎಳೆ ತಪ್ಪದೆ ಮುಂದುವರಿಸುವುದು ಅಲ್ಲೇ ಅಭ್ಯಾಸವಾಗುತ್ತೆ.

ಮೊಬೈಲಲ್ಲಿ ಒಂದು ನಿಮಿಷದ ಉತ್ತರ ರೆಕಾರ್ಡ್ ಮಾಡಿ ಕೇಳಿಸುವುದೂ ಒಳ್ಳೆಯದು. "ಅದು... ಅದು..." ಅನ್ನುವುದು ಅವಳಿಗೇ ಕೇಳುತ್ತೆ. ನೀವು ಹೇಳಬೇಕಾಗಿಲ್ಲ.

ಪರೀಕ್ಷೆಯ ಹೊತ್ತಿಗೆ ಕೆಲವು ಸಣ್ಣ ವಿಷಯ. ಪ್ರಶ್ನೆ ಮುಗಿದ ಕೂಡಲೇ ಉತ್ತರಿಸಬೇಕು ಅಂತಿಲ್ಲ, ಒಂದೆರಡು ಉಸಿರು ತೆಗೆದುಕೊಂಡರೆ ಯಾವ ಟೀಚರೂ ಬೈಯುವುದಿಲ್ಲ. ಪ್ರಶ್ನೆ ಅರ್ಥವಾಗದಿದ್ದರೆ "ಇನ್ನೊಂದು ಸಲ ಹೇಳ್ತೀರಾ ಮೇಡಂ" ಅನ್ನಲಿ. ಉತ್ತರದ ಮೊದಲ ವಾಕ್ಯದಲ್ಲೇ ಮುಖ್ಯ ಮಾತು ಬರಲಿ, ಆಮೇಲೆ ಕಾರಣ, ಆಮೇಲೆ ಒಂದು ಉದಾಹರಣೆ, ಅಲ್ಲಿಗೆ ನಿಲ್ಲಿಸಲಿ. ಗೊತ್ತಿಲ್ಲದಿದ್ದರೆ "ಇದು ಗೊತ್ತಿಲ್ಲ, ಆದರೆ ಇದಕ್ಕೆ ಮುಂಚೆ ಹೀಗಾಗಿತ್ತು" ಅಂತ ಗೊತ್ತಿರುವ ಕಡೆಯಿಂದ ಹಿಡಿಯಲಿ. ನಾವು ಮರುಪ್ರಶ್ನೆ ಕೇಳುವುದು ಸಿಕ್ಕಿಸಿ ಹಾಕಲು ಅಂತ ಮಕ್ಕಳು ನಂಬಿರುತ್ತಾರೆ. ನಿಜ ಹೇಳಬೇಕೆಂದರೆ ಇನ್ನೊಂದು ಅಂಕ ಕೊಡಲು ದಾರಿ ಸಿಗುತ್ತಾ ಅಂತ ಹುಡುಕುತ್ತಿರುತ್ತೇವೆ. ಇದನ್ನು ಅವಳಿಗೆ ದಯವಿಟ್ಟು ಹೇಳಿ.

ಟ್ಯೂಷನ್ ಇದಕ್ಕೋಸ್ಕರ ಬೇಡ. ಎಸ್‌ಎಸ್‌ಎಲ್‌ಸಿಯಲ್ಲಿ ಸಮಾಜ ವಿಜ್ಞಾನಕ್ಕೆ 80 ಅಂಕ ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಮೌಖಿಕಕ್ಕೆ ಮಾಡಿದ ತಯಾರಿ 80ರ ಕಡೆಯೂ ಕೆಲಸಕ್ಕೆ ಬರುತ್ತೆ. ಟ್ಯೂಷನ್ನಿಗೆ ಹೋಗಿ ಬರುವ ಹೊತ್ತನ್ನು ಮನೆಯಲ್ಲೇ ಮಾತಾಡಲು ಬಳಸಿಕೊಳ್ಳಿ. ಅದಕ್ಕೂ ಮೊದಲು ಅವಳ ಟೀಚರನ್ನು ಹೋಗಿ ಭೇಟಿ ಮಾಡಿ. ಯಾವ ಯಾವ ಪಾಠ, ಒಬ್ಬೊಬ್ಬರಿಗೆ ಎಷ್ಟು ಹೊತ್ತು, ನಕ್ಷೆ ಇಟ್ಟುಕೊಳ್ಳಬಹುದಾ ಅಂತ ಕೇಳಿ. ನಕ್ಷೆಗೆ ಒಪ್ಪಿದರೆ ಬಿದನೂರು, ಶ್ರೀರಂಗಪಟ್ಟಣ, ಶಿಕಾರಿಪುರ ಎಲ್ಲವನ್ನೂ ಅವಳ ಕೈಯಲ್ಲೇ ಗುರುತು ಮಾಡಿಸಿಡಿ. ಕೈಗೆ ಒಂದು ಕೆಲಸ ಸಿಕ್ಕರೆ ಮಾತಿನ ಹೆದರಿಕೆ ಎಷ್ಟೋ ಕಡಿಮೆಯಾಗುತ್ತೆ.