ಕಿಟ್ಸ್‌ಬ್ಯೂಲ್ ಗೆದ್ದ ಜರ್ಮನಿಯ ಸ್ಕೀ ಪಟು ಥಾಮಸ್ ಡ್ರೆಸೆನ್ 30ಕ್ಕೇ ನಿವೃತ್ತಿಯಾದದ್ದೇಕೆ?

ಮೊಣಕಾಲು ಮತ್ತು ಸೊಂಟದ ಕೀಲುಗಳ ಸವೆತ. ವೇಗವಾಗಲಿ ಧೈರ್ಯವಾಗಲಿ ಕಡಿಮೆಯಾಗಿ ಅಲ್ಲ.

2018ರ ಜನವರಿ 20ರಂದು ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್‌ನ ಸ್ಟ್ರೈಫ್ ಇಳಿಜಾರಿನಲ್ಲಿ ಅವರು 19ನೇ ಸಂಖ್ಯೆಯ ಅಂಗಿ ತೊಟ್ಟು, 19ನೆಯವರಾಗಿ ಹೊರಟಾಗ, ಮೊದಲೇ ಇಳಿದಿದ್ದ ಸ್ವಿಟ್ಜರ್ಲೆಂಡ್‌ನ ಬೇಆಟ್ ಫಾಯ್ಟ್ಸ್ ಗೆದ್ದಾಯಿತೆಂದೇ ಎಲ್ಲರ ಲೆಕ್ಕ. ಡ್ರೆಸೆನ್ 0.20 ಸೆಕೆಂಡಿನಲ್ಲಿ ಮುಂದಾದರು. ಅಲ್ಲಿ ಡೌನ್‌ಹಿಲ್ (ಇಳಿಜಾರಿನಲ್ಲಿ ಅತಿ ವೇಗದ ಸ್ಕೀ ಸ್ಪರ್ಧೆ) ಗೆದ್ದ ಹಿಂದಿನ ಜರ್ಮನ್ ಸೆಪ್ ಫೆರ್ಸ್ಟ್ಲ್, ಅದೂ 1979ರಲ್ಲಿ!

ಅದೇ ವರ್ಷ ನವೆಂಬರ್ 30ರಂದು ಅಮೆರಿಕದ ಬೀವರ್ ಕ್ರೀಕ್‌ನಲ್ಲಿ ಬಿದ್ದು ಬಲ ಮೊಣಕಾಲಿನ ಕ್ರೂಸಿಯೇಟ್ ಲಿಗಮೆಂಟ್ (ಕೀಲಿನ ಮೂಳೆಗಳನ್ನು ಬಿಗಿದಿಡುವ ಪಟ್ಟಿ) ಹರಿಯಿತು. ಸರಿಯಾಗಿ ಒಂದು ವರ್ಷದ ನಂತರ, ಮರಳಿದ ಮೊದಲ ರೇಸ್‌ನಲ್ಲೇ ಕೆನಡಾದ ಲೇಕ್ ಲೂಯಿಸ್‌ನಲ್ಲಿ 0.02 ಸೆಕೆಂಡಿನ ಗೆಲುವು. ನನ್ನ ಮಟ್ಟಿಗೆ ಕಿಟ್ಸ್‌ಬ್ಯೂಲ್‌ಗಿಂತ ಇದೇ ದೊಡ್ಡದು. ಆ ಋತುವಿನಲ್ಲಿ ತವರು ಗಾರ್ಮಿಶ್ ಮತ್ತು ಸಾಲ್‌ಬಾಖ್ ಡೌನ್‌ಹಿಲ್‌ಗಳನ್ನೂ ಗೆದ್ದರು.

ಲಿಗಮೆಂಟನ್ನು ಹೊಸದಾಗಿ ಕಟ್ಟಬಹುದು. ಕೀಲಿನಲ್ಲಿ ಮೂಳೆ ತುದಿಗಳನ್ನು ಹೊದ್ದಿರುವ ಮೃದ್ವಸ್ಥಿ ಸವೆದರೆ ಹಾಗಲ್ಲ, ಅದಕ್ಕೆ ರಕ್ತನಾಳಗಳಿಲ್ಲದ್ದರಿಂದ ತಾನಾಗಿ ಬೆಳೆದುಕೊಳ್ಳುವುದು ತೀರಾ ಕಡಿಮೆ. ಡೌನ್‌ಹಿಲ್‌ನಲ್ಲಿ ಗಂಟೆಗೆ 100 ಕಿ.ಮೀ. ಮೀರಿದ ವೇಗದಲ್ಲಿ, ಗಡಸು ಮಂಜುಗಡ್ಡೆಯ ಮೇಲೆ ತಿರುಗುವಾಗ ಬಹುಪಾಲು ಭಾರ ಹೊರಗಿನ ಕಾಲಿನ ಬಾಗಿದ ಮಂಡಿಯ ಮೇಲೇ ಬೀಳುತ್ತದೆ. ಜಿಗಿದು ಇಳಿದಾಗಲೂ ಪೆಟ್ಟು ಅಲ್ಲಿಗೇ. 2020ರ ನವೆಂಬರ್‌ನಲ್ಲಿ ಸೊಂಟದ ಶಸ್ತ್ರಚಿಕಿತ್ಸೆ, ಮರುವರ್ಷ ಮತ್ತೆ ಮೊಣಕಾಲಿನದು. 2021-22ರ ಋತು ಪೂರ್ತಿ ಕೈತಪ್ಪಿತು.

ಮರಳಿದ ಮೇಲೆ ನೋವು ಬಿಡಲಿಲ್ಲ. 2024ರ ಜನವರಿ 20ರಂದು, ಗೆದ್ದ ದಿನಕ್ಕೆ ಆರು ವರ್ಷ ತುಂಬಿದಾಗ, ಅದೇ ಸ್ಟ್ರೈಫ್‌ನಲ್ಲಿ ಕೊನೆಯ ಬಾರಿ ಇಳಿದರು.