ಪಗ್ ನಾಯಿಗೂ ಪಗ್‌ಮಾರ್ಕಿಗೂ ಸಂಬಂಧ ಉಂಟಾ?

ಕಾಸರಗೋಡಿನ ಮುಳ್ಳೇರಿಯ ಕಡೆಯ ಓದುಗರೊಬ್ರು ಬರ್ದಿದ್ದಾರೆ: 'ಅಡಿಕೆ ತೋಟದಲ್ಲಿ ಚಿರತೆಯ ಪಗ್‌ಮಾರ್ಕ್ ಸಿಕ್ಕಿದೆ ಅಂತ ಪೇಪರಲ್ಲಿ ಓದಿದ ಮಗಳು, ಪಗ್ ಅಂದ್ರೆ ಆ ಚಪ್ಪಟೆ ಮೂತಿಯ ನಾಯಿ ಅಲ್ವಾ ಅಪ್ಪ ಅಂತ ಕೇಳಿದ್ಲು, ಏನು ಹೇಳುದು?'

ಮಗಳ ಪ್ರಶ್ನೆ ಒಳ್ಳೇದುಂಟು ಸರ್. ಇಂಗ್ಲಿಷಲ್ಲಿ ಎರಡಕ್ಕೂ ಸ್ಪೆಲ್ಲಿಂಗ್ ಒಂದೇ, ಆದ್ರೆ ಸಂಬಂಧ ಏನೂ ಇಲ್ಲ. ಪಗ್‌ಮಾರ್ಕ್ ಅಂದ್ರೆ ಪ್ರಾಣಿಯ ಹೆಜ್ಜೆ ಗುರುತು, ಅದ್ರ ಪಗ್ ನಮ್ಮ ದೇಶದ್ದೇ, ಹಿಂದಿಯಲ್ಲಿ ಪಗ್ ಅಂದ್ರೆ ಕಾಲು, ಹೆಜ್ಜೆ, ಅದು ಇಲ್ಲಿಂದ ಇಂಗ್ಲಿಷಿಗೆ ಹೋದದ್ದು. ನಾಯಿಯ ಹೆಸರಿನ ದಾರಿಯೇ ಬೇರೆ. ಪಗ್ ಅಂತ ಇಂಗ್ಲಿಷಿನವ್ರು ಮೊದ್ಲು ಮುದ್ದಿಗೆ ಕರೀತಿದ್ದದ್ದು ಮನುಷ್ಯರನ್ನ, ಆಮೇಲೆ ಸಾಕಿದ ಮಂಗನನ್ನ, 18ನೇ ಶತಮಾನದ ಹೊತ್ತಿಗೆ ಚೀನಾ ಮೂಲದ ಈ ನಾಯಿಗೆ ಅದೇ ಹೆಸರು ಅಂಟಿಕೊಂಡಿತು. ಮೋಟು ಮೂಗಿಗೆ ಪಗ್ ನೋಸ್ ಅನ್ನುದು ಅದ್ರಿಂದ್ಲೇ. ಬಾಕ್ಸಿಂಗ್ ಮಾಡುವವನಿಗೂ ಪಗ್ ಅಂತಾರೆ, ಅದು ಲ್ಯಾಟಿನ್ ಮೂಲದ ಪ್ಯೂಜಿಲಿಸ್ಟ್ ತುಂಡಾದದ್ದು. ನಮ್ಮಲ್ಲಿ ಈ ನಾಯಿ ಮನೆಮಾತಾದದ್ದು 2003ರ ಹಚ್ ಮೊಬೈಲ್ ಕಂಪೆನಿಯ ಜಾಹೀರಾತಿಂದ, ಅದನ್ನ ನೋಡಿ ತಂದು ಸಾಕಿದವ್ರು ಎಷ್ಟೋ ಜನ, ಆದ್ರೆ ಆ ಮೂತಿಗೆ ಸರಿಯಾಗಿ ಉಸಿರಾಡ್ಲಿಕ್ಕೆ ಆಗುದಿಲ್ಲ, ನಮ್ಮ ಕರಾವಳಿಯ ಸೆಖೆಯಲ್ಲಿ ಅದು ಏದುಸಿರು ಬಿಡುದು ನೋಡುವಾಗ ಸಂಕಟ ಆಗ್ತದೆ.

ಇನ್ನೊಂದು ಪಗ್ ನಮ್ಮ ಊರಿನ ಹಳಬರಿಗೆ ಗೊತ್ತಿದ್ದದ್ದೇ, ಹಂಚಿನ ಕಾರ್ಖಾನೆಯ ಪಗ್ ಮಿಲ್. 1865ರಲ್ಲಿ ಬಾಸೆಲ್ ಮಿಷನಿನವ್ರು ಮಂಗಳೂರಲ್ಲಿ ಶುರು ಮಾಡಿದ ಹಂಚಿನ ಕೆಲ್ಸ ಮತ್ತೆ ಕರಾವಳಿಯುದ್ದಕ್ಕೂ ಹಬ್ಬಿತಲ್ಲ, ಅಲ್ಲಿ ಜೇಡಿಮಣ್ಣನ್ನ ನೀರು ಹಾಕಿ ಹದ ಬರುವಷ್ಟು ಕಲಸುವ ಮಿಷಿನ್ ಅದು, ನಾಯಿಗೂ ಹೆಜ್ಜೆಗೂ ಅದಕ್ಕೂ ಸಂಬಂಧ ಇಲ್ಲ.

ಪೇಪರಲ್ಲಿ ಹೆಜ್ಜೆ ಗುರುತು ಅಂತ್ಲೇ ಬರೀಬೇಕು ಅನ್ನುದು ನನ್ನ ಅಭಿಪ್ರಾಯ. ಗಡಿಯಲ್ಲಿರುವ ನಮಗೆ ಮೊದ್ಲೇ ಒಂದು ಗೊಂದಲ ಉಂಟು, ಮಲಯಾಳದಲ್ಲಿ ಪುಲಿ ಅಂದ್ರೆ ಚಿರತೆ, ಹುಲಿಗೆ ಕಡುವ ಅನ್ನುದು, ಕೇಳಿದವ ಹುಲಿ ಬಂತು ಅಂತ ವಾಟ್ಸಪ್ಪಲ್ಲಿ ಹಾಕಿದ್ರೆ ಮಕ್ಕಳನ್ನ ಶಾಲೆಗೆ ಕಳಿಸ್ಲಿಕ್ಕೂ ಜನ ಹೆದರ್ತಾರೆ.

ಹೆಜ್ಜೆ ನೋಡುದು ಹೇಗೆ ಅಂತ ಮಗಳಿಗೆ ಹೇಳಿಕೊಡಿ. ನಾಯಿಯ ಹೆಜ್ಜೆಯಲ್ಲಿ ಬೆರಳಿನ ಮುಂದೆ ಉಗುರಿನ ಚುಕ್ಕೆ ಕಾಣ್ತದೆ, ಚಿರತೆ ನಡೆಯುವಾಗ ಉಗುರು ಒಳಗೆ ಎಳ್ಕೊಂಡಿರ್ತದೆ, ಹಾಗಾಗಿ ಮೂಡುದಿಲ್ಲ, ಕೆಸರಲ್ಲಿ ಜಾರಿದ್ರೆ ಮಾತ್ರ ಕಾಣ್ಬಹುದು. ಚಿರತೆಯ ಹೆಜ್ಜೆ ಉರುಟು, ನಾಯಿಯದ್ದು ಸ್ವಲ್ಪ ಉದ್ದ. ಅಂಗಾಲಿನ ಹಿಂಬದಿ ನೋಡಿ, ಚಿರತೆಯದ್ದಾದ್ರೆ ಮೂರು ಉಬ್ಬು ಇರ್ತದೆ. ಗುರುತು ಸಿಕ್ಕಿದ್ರೆ ತುಳೀಬೇಡಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಫೋಟೋ ತೆಗೀರಿ, ಮಳೆ ಬರುವ ಹಾಗಿದ್ರೆ ಬುಟ್ಟಿ ಕವುಚಿ ಹಾಕಿ ಫಾರೆಸ್ಟಿನವ್ರಿಗೆ ಫೋನ್ ಮಾಡಿ.

- ಸಂ.