ಡ್ರಾಕುಲಾನಿಗೆ ಇಂಬಳ ಹತ್ತಿದ್ದು

ಮಾನ್ಯರೇ,

ಹಳೆಯ ಹಾಸ್ಯಚಿತ್ರವೊಂದನ್ನೂ ಹಳೆಯ ದೆವ್ವದ ಚಿತ್ರವೊಂದನ್ನೂ ಬೆರೆಸಿ ಓದುಗರು ಕಟ್ಟಿದ ಕಾಲ್ಪನಿಕ ಕಥೆಗಳನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. ಅದನ್ನು ಓದಿ ಸಕಲೇಶಪುರದಿಂದ ತಾವು ಬರೆದ ಪತ್ರ ತಲುಪಿದೆ. ‘ನಕ್ಕ ಮೇಲೆ ದೆವ್ವಕ್ಕೆ ಯಾರು ಹೆದರುತ್ತಾರೆ? ಎರಡು ಒಳ್ಳೆಯ ಚಿತ್ರಗಳನ್ನು ಸೇರಿಸಿ ಎರಡನ್ನೂ ಕೆಡಿಸಿದ್ದೀರಿ, ಪುಟವನ್ನು ನಿಲ್ಲಿಸಿ’ ಎಂದಿದ್ದೀರಿ. ನಿಲ್ಲಿಸುವುದಿಲ್ಲ. ಕಾರಣ ಹೇಳುತ್ತೇನೆ.

1948ರಲ್ಲಿ ಯೂನಿವರ್ಸಲ್ ಸಂಸ್ಥೆ ಅಬಟ್ ಮತ್ತು ಕಾಸ್ಟೆಲ್ಲೊ ಎಂಬ ತನ್ನ ಹಾಸ್ಯ ಜೋಡಿಯನ್ನು ತನ್ನದೇ ಭೂತಗಳ ಎದುರು ನಿಲ್ಲಿಸಿತು. 1931ರ ಚಿತ್ರದಲ್ಲಿ ರಕ್ತ ಹೀರುವ ಡ್ರಾಕುಲಾ ಆಗಿದ್ದ ಬೆಲಾ ಲುಗೋಸಿಯೇ ಮತ್ತೆ ಆ ಪಾತ್ರಕ್ಕೆ ಬಂದರು. ಆದರೆ ಅವರು ನಗಿಸುವ ಗೋಜಿಗೆ ಹೋಗಲಿಲ್ಲ. ಹೆದರಿ ಬಾಯಿ ಒಣಗಿಸಿಕೊಳ್ಳುವ ಕೆಲಸ ಕಾಸ್ಟೆಲ್ಲೊ ಅವರದಾಗಿತ್ತು. 1974ರಲ್ಲಿ, ಹೆಣಗಳಿಂದ ದೈತ್ಯನನ್ನು ಕಟ್ಟುವ ವಿಜ್ಞಾನಿ ಫ್ರಾಂಕೆನ್‌ಸ್ಟೈನನ ಕಥೆಯನ್ನು ಗೇಲಿ ಮಾಡಿದ ಮೆಲ್ ಬ್ರೂಕ್ಸ್, ಬಣ್ಣದ ಕಾಲದಲ್ಲೂ ಹಟ ಹಿಡಿದು ಕಪ್ಪು ಬಿಳುಪಿನಲ್ಲೇ ಚಿತ್ರ ತೆಗೆದರು. 1931ರ ‘ಫ್ರಾಂಕೆನ್‌ಸ್ಟೈನ್’ ಚಿತ್ರಕ್ಕಾಗಿ ಕೆನೆತ್ ಸ್ಟ್ರಿಕ್‌ಫಾಡನ್ ಮಾಡಿದ್ದ ಕಿಡಿ ಹಾರಿಸುವ ಯಂತ್ರಗಳನ್ನೇ ತಂದು ಬಳಸಿದರು. ಇಷ್ಟು ಶ್ರದ್ಧೆ ಇದ್ದವರು ಗೇಲಿ ಮಾಡಲಿ, ನನ್ನ ತಕರಾರಿಲ್ಲ.

ನಮ್ಮ ಯಕ್ಷಗಾನದಲ್ಲೂ ರಕ್ಕಸ ಅಬ್ಬರಿಸಿ ಬಂದಾಗ ಮುಂದೆ ಕುಳಿತ ಮಗು ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಅವನ ದೂತನಾಗಿ ಹಾಸ್ಯಗಾರ ಬಂದು ಅದೇ ಮಗುವನ್ನು ನಗಿಸುತ್ತಾನೆ. ರಕ್ಕಸ ಮಾತ್ರ ಗತ್ತು ಬಿಡುವುದಿಲ್ಲ.

ತಮ್ಮ ಸಿಟ್ಟೆಲ್ಲ ಮೂಡಿಗೆರೆಗೆ ಬಂದ ಡ್ರಾಕುಲಾನ ಮೇಲೆ. ನನಗೆ ಅದೇ ಹೆಚ್ಚು ಹಿಡಿಸಿದ ಕಥೆ. ಆಷಾಢದ ಮಳೆಯಲ್ಲಿ ಕೌಂಟ್ ಡ್ರಾಕುಲಾ ಕಾಫಿ ತೋಟದ ಬಂಗಲೆಯಲ್ಲಿ ಬಿಡಾರ ಹೂಡುತ್ತಾನೆ. ವಾರಗಟ್ಟಲೆ ಸೂರ್ಯನ ಸುಳಿವಿಲ್ಲದ್ದರಿಂದ ಹಗಲಲ್ಲೇ ನಿರಾತಂಕವಾಗಿ ತಿರುಗುತ್ತಾನೆ. (ಬಿಸಿಲಿಗೆ ಸಾಯುವ ನಿಯಮ 1922ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’ವಿನ ಕೊಡುಗೆ. 1897ರ ಬ್ರಾಮ್ ಸ್ಟೋಕರ್ ಕಾದಂಬರಿಯಲ್ಲಿ ಅವನು ಲಂಡನ್ನಿನಲ್ಲಿ ಹಾಡಹಗಲೇ ಓಡಾಡುತ್ತಾನೆ.) ಆದರೆ ಒಳಗಿನವರು ಕರೆಯದೆ ಅವನು ಹೊಸ್ತಿಲು ದಾಟುವಂತಿಲ್ಲ. ಕೂಲಿ ಲೈನಿನ ಬಾಗಿಲುಗಳ ಮೇಲೆಲ್ಲ ‘ನಾಳೆ ಬಾ’ ಎಂದು ಬರೆದಿದೆ. ಕರೆದದ್ದೇನೋ ಹೌದು, ನಾಳೆಗೆ! ಪಾಪ, ಮರುದಿನ ಶಿಸ್ತಾಗಿ ಬರುತ್ತಾನೆ. ಬರಹ ಅಲ್ಲೇ ಇರುತ್ತದೆ. ಅಷ್ಟರಲ್ಲಿ ಕಾಲಿಗೆ ಇಂಬಳ, ಅಂದರೆ ಮಲೆನಾಡಿನ ಜಿಗಣೆ, ಹತ್ತಿರುತ್ತದೆ. ನೋವೇ ಆಗದಂತೆ ಕಚ್ಚಿ, ರಕ್ತ ಹೆಪ್ಪುಗಟ್ಟದಂತೆ ನೋಡಿಕೊಂಡು, ಹೊಟ್ಟೆ ತುಂಬಿದೊಡನೆ ಉದುರಿ ಹೋಗುವ ಅದರ ಕಸುಬು ಕಂಡು ಶತಮಾನಗಳ ಅನುಭವಸ್ಥ ಹೊಟ್ಟೆಕಿಚ್ಚು ಪಡುವ ಕಡೆ ನಾನು ಕಚೇರಿಯಲ್ಲಿ ಗಟ್ಟಿಯಾಗಿ ನಕ್ಕೆ. ಇಲ್ಲಿ ಕೌಂಟ್ ಒಂದು ಸಲವೂ ಕೋಡಂಗಿಯಾಗುವುದಿಲ್ಲ. ಅವನ ಹಸಿವು ನಿಜ, ಅವನ ನಿಯಮಗಳೂ ನಿಜ. ಊರು ಮಾತ್ರ ಮೂಡಿಗೆರೆ.

ಚಾಪ್ಲಿನ್ನರ ಬೆತ್ತವನ್ನು ಫ್ರಾಂಕೆನ್‌ಸ್ಟೈನನ ದೈತ್ಯನ ಕೈಗೆ ಕೊಟ್ಟ ಕಥೆ ಸಪ್ಪೆ ಎಂದಿದ್ದೀರಿ. ನಿಜ. ದೈತ್ಯನೇ ಕೋತಿಚೇಷ್ಟೆಗೆ ಇಳಿದರೆ ಚಾಪ್ಲಿನ್ ಯಾರಿಗೆ ಹೆದರಬೇಕು?

ಕನ್ನಡ ಚಿತ್ರಗಳನ್ನು ಏಕೆ ಮುಟ್ಟಿಲ್ಲ ಎಂದೂ ಕೇಳಿದ್ದೀರಿ. ಮುಂದಿನ ಸಂಚಿಕೆಗೆ ಹಾಸನದ ಓದುಗರೊಬ್ಬರು 1979ರ ‘ನಾ ನಿನ್ನ ಬಿಡಲಾರೆ’ಯನ್ನು 1990ರ ‘ಗಣೇಶನ ಮದುವೆ’ಯ ವಠಾರಕ್ಕೆ ತಂದಿದ್ದಾರೆ. ಎರಡರಲ್ಲೂ ಅನಂತನಾಗ್ ನಾಯಕರಾದ್ದರಿಂದ ಪಾತ್ರಧಾರಿಯನ್ನು ಹುಡುಕುವ ತೊಂದರೆಯಿಲ್ಲ. ಬಾಡಿಗೆದಾರನ ಮೈಮೇಲೆ ಹೆಣ್ಣು ದೆವ್ವ ಬಂದಿದೆ. ಮಾಲೀಕನ ತಕರಾರು: ಮನೆ ಕೊಟ್ಟದ್ದು ಒಬ್ಬರಿಗೆ, ಇರುವವರು ಇಬ್ಬರು, ನೀರಿನ ಹಣ ಯಾರು ಕೊಡುತ್ತಾರೆ? ದೆವ್ವ ಸೇಡಿನ ಮಾತು ತೆಗೆದರೆ ಅವನು ಮುಂಗಡದ ಮಾತು ತೆಗೆಯುತ್ತಾನೆ.

ಇನ್ನು ತಮ್ಮ ಕೊನೆಯ ಪ್ರಶ್ನೆ: ಮಲೆನಾಡಿನ ಅಡುಗೆಮನೆಯ ಬೆಳ್ಳುಳ್ಳಿಗೆ ಡ್ರಾಕುಲಾ ಏಕೆ ಓಡಲಿಲ್ಲ? ಕಥೆ ಬರೆದವರನ್ನೇ ಕೇಳಿದೆ. ಬಂಗಲೆಯ ಅಡುಗೆಯವರು ಚಾತುರ್ಮಾಸ್ಯ ಹಿಡಿದಿದ್ದಾರಂತೆ, ಈರುಳ್ಳಿ ಬೆಳ್ಳುಳ್ಳಿ ಒಳಗೆ ಬರುವಂತಿಲ್ಲವಂತೆ. ಕೌಂಟ್ ಪಂಚಾಂಗ ನೋಡಿಕೊಂಡೇ ಹೊರಟಿದ್ದ ಎನ್ನುತ್ತಾರೆ.

– ಸಂಪಾದಕ